ಲಂಡನ್ನಿನ ಅಡುಗೆಮನೆ ಮತ್ತು ಒಂದು ಚಮಚದ ಲೆಕ್ಕ



ತೂಕ ಇಳಿಸುವ ಮಾತನ್ನು ಸೌಂದರ್ಯದ ಮಾರುಕಟ್ಟೆಗೆ ಬಿಟ್ಟುಕೊಟ್ಟು ವಿಚಾರವಂತರು ಸುಮ್ಮನಿರುವುದು ರೂಢಿಯಾಗಿದೆ. ಆದರೆ ಲಂಡನ್ ಮಹಾನಗರದಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರಿಗೆ ಇದು ಆಯುರಾರೋಗ್ಯದ ಪ್ರಶ್ನೆ. ಸೌತಾಲ್ ಅಧ್ಯಯನವೆಂದೇ ಹೆಸರಾದ ಸಮೀಕ್ಷೆಯಲ್ಲಿ ಪಾಲ್ ಮೆಕೀಗ್ ಮತ್ತು ಸಂಗಡಿಗರು ಲಂಡನ್ನಿನ 40ರಿಂದ 69 ವರ್ಷ ವಯಸ್ಸಿನ ಮೂರೂವರೆ ಸಾವಿರಕ್ಕೂ ಹೆಚ್ಚು ಸ್ತ್ರೀಪುರುಷರನ್ನು ಪರೀಕ್ಷಿಸಿದರು. 1991ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಯುರೋಪಿಯನ್ನರಲ್ಲಿ ಶೇ. 4 ಮಂದಿಗೆ ಮಧುಮೇಹವಿದ್ದರೆ ದಕ್ಷಿಣ ಏಷ್ಯಾದವರಲ್ಲಿ ಶೇ. 19 ಮಂದಿಗಿತ್ತು. ಹೊಟ್ಟೆಯ ಸುತ್ತ ಕೊಬ್ಬು ಸೇರುವ ಪ್ರವೃತ್ತಿಗೂ ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿರುವುದಕ್ಕೂ ಇರುವ ನಂಟನ್ನು ಆ ವರದಿ ಎತ್ತಿ ತೋರಿಸಿತು.

ಈ ಕಾರಣದಿಂದಲೇ 2013ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆಯು ಏಷ್ಯಾ ಮೂಲದವರಿಗೆ ಬೇರೆ ಅಳತೆಗೋಲನ್ನು ಸೂಚಿಸಿತು. ದೇಹದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ಬಿ.ಎಂ.ಐ. ಸಂಖ್ಯೆ ಇತರರಿಗೆ 25 ಆದಾಗ ಎಚ್ಚರಿಕೆಯ ಗಂಟೆ ಬಾರಿಸಿದರೆ, ಇವರಿಗೆ 23ಕ್ಕೇ ಬಾರಿಸುತ್ತದೆ, 27.5 ದಾಟಿದರೆ ಅಪಾಯ ಹೆಚ್ಚು. 165 ಸೆಂಟಿಮೀಟರ್ ಎತ್ತರದ ವ್ಯಕ್ತಿಗೆ ಆ ಮೊದಲ ಗೆರೆ ಸುಮಾರು 63 ಕಿಲೋ. ಕನ್ನಡಿಯ ಮುಂದೆ ‘ಅಷ್ಟೇನೂ ದಪ್ಪವಿಲ್ಲ’ ಎಂದುಕೊಳ್ಳುವ ಅನೇಕರು ಈ ಗೆರೆಯ ಆಚೆಗಿರುತ್ತಾರೆ.

ಹಾಗಾದರೆ ಅನ್ನ ಬಿಟ್ಟು, ಹಬ್ಬ ಬಿಟ್ಟು, ಸಪ್ಪೆ ಎಲೆಗಳನ್ನು ಮೆಲ್ಲಬೇಕೆ? ಬೇಕಿಲ್ಲ. ಬ್ರಿಟನ್ನಿನ ಆರೋಗ್ಯ ಸೇವೆ ತೂಕ ಇಳಿಸುವವರಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಕಡಿಮೆ ಮಾಡಲು ಹೇಳುತ್ತದೆ. ಸಾಮಾನ್ಯ ಕನ್ನಡ ಮನೆಯ ಅಡುಗೆಯಲ್ಲಿ ಅದರ ಬಹುಭಾಗ ಸದ್ದಿಲ್ಲದೆ ಅಡಗಿದೆ.

ಕಾಫಿ, ಟೀಯಿಂದ ತೊಡಗಬಹುದು. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಎಂಟು ಚಮಚ. ಅಂದರೆ 32 ಗ್ರಾಂ, ಹತ್ತಿರ ಹತ್ತಿರ 130 ಕ್ಯಾಲೊರಿ. ವಯಸ್ಕರಿಗೆ ಇಡೀ ದಿನಕ್ಕೆ ಇಲ್ಲಿ ಹೇಳಿರುವ ಮಿತಿಯೇ 30 ಗ್ರಾಂ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಹೋದರೆ ನಾಲಗೆ ಒಂದು ತಿಂಗಳಲ್ಲಿ ಒಗ್ಗಿಕೊಳ್ಳುತ್ತದೆ. ಎರಡನೆಯದು ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಅದು ಕಡಲೆಕಾಯಿಯದಾಗಲಿ, ಕೊಬ್ಬರಿಯದಾಗಲಿ, ಆಲಿವ್‌ನದಾಗಲಿ, ತುಪ್ಪವೇ ಆಗಲಿ, ಲೆಕ್ಕ ಹೆಚ್ಚುಕಡಿಮೆ ಒಂದೇ. ನಾಲ್ವರ ಅಡುಗೆಗೆ ಬಾಟಲಿಯಿಂದ ನೇರವಾಗಿ ಸುರಿಯುವ ಬದಲು ಚಮಚದಲ್ಲಿ ಅಳೆದು, ನಾಲ್ಕರ ಜಾಗದಲ್ಲಿ ಎರಡು ಹಾಕಿದರೆ ತಲೆಗೆ 60 ಉಳಿಯಿತು. ಸಾಸಿವೆ ಸಿಡಿಯಲು, ಕರಿಬೇವಿನ ಘಮ ಏಳಲು ಅಷ್ಟು ಸಾಕು.

ಮೂರನೆಯದು ತಟ್ಟೆಯ ವಿನ್ಯಾಸ. ನೂರು ಗ್ರಾಂ ಬೆಂದ ಅನ್ನದಲ್ಲಿ ಸುಮಾರು 130 ಕ್ಯಾಲೊರಿ. ಅಷ್ಟು ಅನ್ನವನ್ನು ತೆಗೆದು ಆ ಜಾಗಕ್ಕೆ ಹುರುಳಿಕಾಯಿ ಅಥವಾ ಎಲೆಕೋಸಿನ ಪಲ್ಯ ಬಡಿಸಿದರೆ ಎಣ್ಣೆ ಸೇರಿಸಿಯೂ 80ರಷ್ಟು ಉಳಿತಾಯ. ತಟ್ಟೆ ಮಾತ್ರ ಮೊದಲಿನಷ್ಟೇ ತುಂಬಿರುತ್ತದೆ. ನಾಲ್ಕನೆಯದು ಸಂಜೆಯ ಕುರುಕಲು. 50 ಗ್ರಾಂ ಖಾರದ ಮಿಕ್ಸ್ಚರಿನಲ್ಲಿ 250ರಷ್ಟು ಕ್ಯಾಲೊರಿ ಇದ್ದರೆ, ಈರುಳ್ಳಿ, ಕ್ಯಾರೆಟ್, ಕೊತ್ತಂಬರಿ, ನಿಂಬೆರಸ ಬೆರೆಸಿದ ಒಂದು ಬಟ್ಟಲು ಚುರುಮುರಿ ನೂರರ ಆಸುಪಾಸಿನಲ್ಲಿ ಮುಗಿಯುತ್ತದೆ. ಐದನೆಯದಾಗಿ, 330 ಮಿಲಿಲೀಟರಿನ ಒಂದು ಕ್ಯಾನ್ ಕೋಲಾದಲ್ಲಿ 139 ಕ್ಯಾಲೊರಿ. ನೀರು ಮಜ್ಜಿಗೆಗೆ ತಿರುಗಿದರೆ ಅಲ್ಲಿ ಇನ್ನೊಂದು ನೂರು. ಈ ಐದೂ ರೂಢಿಗಳಿರುವವರು ಐದನ್ನೂ ಬದಲಿಸಿದರೆ ಮೊತ್ತ 500 ದಾಟುತ್ತದೆ.

ಇಲ್ಲೊಂದು ಭ್ರಮೆಯನ್ನೂ ಕಳಚಬೇಕು. ಟೂಟಿಂಗ್, ಈಸ್ಟ್ ಹ್ಯಾಮ್, ವೆಂಬ್ಲಿಯ ಅಂಗಡಿಗಳಲ್ಲಿ ರಾಗಿಹಿಟ್ಟು ದೊರೆಯುತ್ತದೆ. ಅದು ತೂಕ ಕರಗಿಸುವ ಮದ್ದೆಂಬ ಪ್ರಚಾರವೂ ಜೊತೆಗೇ ದೊರೆಯುತ್ತದೆ. ತೂಕಕ್ಕೆ ತೂಕ ನೋಡಿದರೆ ರಾಗಿಹಿಟ್ಟಿನ ಕ್ಯಾಲೊರಿ ಅಕ್ಕಿಗಿಂತ ಹೇಳಿಕೊಳ್ಳುವಷ್ಟು ಕಡಿಮೆಯಿಲ್ಲ. ಅದರ ಹಿರಿಮೆ ನಾರಿನಲ್ಲಿದೆ, ಸುಣ್ಣದ ಅಂಶದಲ್ಲಿದೆ, ಸೊಪ್ಪಿನ ಸಾರಿನೊಡನೆ ಒಂದೇ ಮುದ್ದೆಗೆ ಹೊಟ್ಟೆ ತುಂಬುವುದರಲ್ಲಿದೆ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತ ಮತ್ತು ರಾಗಿಯನ್ನು ಜಗಳಕ್ಕಿಳಿಸಿ ಬಡವರ ಧಾನ್ಯವನ್ನು ಗೆಲ್ಲಿಸಿದರು. ಆ ಗೆಲುವನ್ನು ದುಬಾರಿ ಪೊಟ್ಟಣದಲ್ಲಿ ಕಟ್ಟಿ ಉಳ್ಳವರಿಗೆ ಮಾರುವ ಇಂದಿನ ವ್ಯಾಪಾರದ ಬಗ್ಗೆ ಎಚ್ಚರವಿರಲಿ.

ಗೆಳೆಯರೇ, ಚಮಚದ ಲೆಕ್ಕಕ್ಕೆ ಹೊರಗಿನ ಲೆಕ್ಕವೂ ಅಂಟಿಕೊಂಡಿದೆ. ಹೀಥ್ರೂವಿನಲ್ಲೋ ಆಸ್ಪತ್ರೆಯಲ್ಲೋ ರಾತ್ರಿಪಾಳಿ ಮುಗಿಸಿ ಬಂದವರಿಗೆ ಹುರುಳಿಕಾಯಿ ಹೆಚ್ಚುವ ತ್ರಾಣ ಎಲ್ಲಿ ಉಳಿದಿರುತ್ತದೆ? ಆದ್ದರಿಂದ ದಪ್ಪಗಿರುವವರನ್ನು ಸೋಮಾರಿಗಳೆಂದು ಜರೆಯುವುದು ಅಜ್ಞಾನ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ ಸಿಹಿ ಪಾನೀಯಗಳ ಮೇಲೆ ಸುಂಕ ಹೇರಿತು. ನೂರು ಮಿಲಿಲೀಟರಿಗೆ 5 ಗ್ರಾಂ ಸಕ್ಕರೆ ಮುಟ್ಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಇನ್ನೂ ಹೆಚ್ಚು. ಸುಂಕ ಜಾರಿಗೆ ಬರುವ ಮುನ್ನವೇ ಅನೇಕ ತಯಾರಕರು ಸಕ್ಕರೆ ಇಳಿಸಿದರು. ಕೊಳ್ಳುವವರ ಸಂಯಮವನ್ನು ಬೇಡದೆಯೇ ನಡೆದ ಬದಲಾವಣೆಯಿದು. 2019ರಲ್ಲಿ ಲಂಡನ್ನಿನ ಬಸ್ಸು, ರೈಲುಗಳಿಂದ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳ ಜಾಹೀರಾತು ತೆರವಾಯಿತು. 2022ರ ಏಪ್ರಿಲ್‌ನಿಂದ ಇಂಗ್ಲೆಂಡಿನ ದೊಡ್ಡ ಹೋಟೆಲುಗಳು ತಿನಿಸಿನ ಕ್ಯಾಲೊರಿ ತಿಳಿಸಲೇಬೇಕು. ಆದರೆ 250ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಇದು ಅನ್ವಯಿಸದು. ಹಾಗಾಗಿ ನೆಚ್ಚಿನ ಪುಟ್ಟ ದೋಸೆ ಹೋಟೆಲಿನಲ್ಲಿ ಲೆಕ್ಕ ಗ್ರಾಹಕರದೇ.

ಕೊನೆಯದಾಗಿ, ಈ ಬದಲಾವಣೆಯ ಕೂಲಿ ಯಾರದು ಎಂಬ ಪ್ರಶ್ನೆ. ಗಂಡನಿಗೆ ಚಪಾತಿ, ಮಕ್ಕಳಿಗೆ ಪಾಸ್ತಾ, ಅತ್ತೆಗೆ ಮುದ್ದೆ, ತನಗೆ ‘ಡಯಟ್’ ಎಂದು ನಾಲ್ಕು ಅಡುಗೆ ಮಾಡುವ ಹೆಣ್ಣಿನ ಹೆಗಲಿಗೆ ಐದನೆಯದನ್ನು ಹೊರಿಸಿದರೆ ಅದು ಆರೋಗ್ಯವಲ್ಲ, ಶೋಷಣೆ. ಎಣ್ಣೆ ಕಡಿಮೆಯಾಗುವುದಾದರೆ ಇಡೀ ಮನೆಯ ಬಾಣಲೆಯಲ್ಲಿ ಆಗಲಿ. ತರಕಾರಿ ಹೆಚ್ಚುವ ಮಣೆಯ ಮುಂದೆ ಎಲ್ಲರೂ ಕೂರಲಿ. ಕನ್ನಡ ಕೂಟಗಳು ರಾಜ್ಯೋತ್ಸವದ ಊಟದಲ್ಲಿ ಎರಡು ಸಿಹಿಯ ಬದಲು ಒಂದು ಸಿಹಿ, ಒಂದು ಕೋಸಂಬರಿ ಬಡಿಸಿ ಮಾದರಿಯಾಗಬಹುದು.

ಒಂದು ಎಚ್ಚರಿಕೆ: ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅನ್ನ, ಸಿಹಿಯನ್ನು ಒಮ್ಮೆಗೇ ಕಡಿತಗೊಳಿಸಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಅಂಥವರೂ ಗರ್ಭಿಣಿಯರೂ ಮೊದಲು ವೈದ್ಯರನ್ನು ಕಾಣಬೇಕು. ಉಳಿದವರು ಐದರಲ್ಲಿ ಒಂದನ್ನು ಆರಿಸಿಕೊಂಡು ಈ ವಾರವೇ ಆರಂಭಿಸಲಿ. ಅದು ಅಭ್ಯಾಸವಾದ ಮೇಲೆ ಎರಡನೆಯದಕ್ಕೆ ಕೈಹಾಕಲಿ.