ನಾಳೆಯ ಮೇಲೆ ಹೊರಿಸಿದ ಕಾಯಕ
(ಶರಣ ಸಂಗಮದಲ್ಲಿ ಮಾಡಿದ ಭಾಷಣ)

 

ಕಾಯಕದಲ್ಲಿ ಏಕಾಗ್ರತೆ ಕುರಿತು ಮಾತನಾಡಲು ಹೇಳಿದ್ದೀರಿ. ನಾನು ಪ್ರವಚನಕಾರನಲ್ಲ. ಸರ್ಕಾರಿ ಇಂಜಿನಿಯರಾಗಿ ಕೆರೆ, ಕಾಲುವೆ, ಕಟ್ಟಡಗಳ ಕೆಲಸ ನೋಡಿ ನಿವೃತ್ತನಾದವನು. ಶರಣರ ವಿಚಾರವನ್ನು ಮಣ್ಣು ಸಿಮೆಂಟಿನ ಭಾಷೆಯಲ್ಲಿ ಹೇಳಿದರೆ ತಾವು ಅನ್ಯಥಾ ಭಾವಿಸಬಾರದು.

ಮೊದಲು ಒಂದು ವ್ಯತ್ಯಾಸ ಗಮನಿಸೋಣ. ಸೋಮಾರಿತನ ಬೇರೆ, ಕೆಲಸ ಮುಂದೂಡುವ ಚಾಳಿ ಬೇರೆ. ಸೋಮಾರಿ ಸುಮ್ಮನೆ ಮಲಗಿರುತ್ತಾನೆ. ಅವನನ್ನು ಎಲ್ಲರೂ ಗುರುತಿಸುತ್ತಾರೆ. ಮುಂದೂಡುವವನು ದಿನವಿಡೀ ಓಡಾಡುತ್ತಲೇ ಇರುತ್ತಾನೆ. ಮಾಡಬೇಕಾದ ಕೆಲಸ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾನೆ. ಅದಕ್ಕೇ ಈ ರೋಗ ಅವನಿಗೂ ತಿಳಿಯುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ.

ಈ ರೋಗವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಗುರುತಿಸಿದವರು ಒಬ್ಬ ತಾಯಿ, ಆಯ್ದಕ್ಕಿ ಲಕ್ಕಮ್ಮ. ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಅವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ, ಅದರಿಂದಲೇ ದಾಸೋಹ. ಒಂದು ದಿನ ಮಾರಯ್ಯನವರು ಅನುಭಾವ ಗೋಷ್ಠಿಯಲ್ಲಿ ಮೈಮರೆತರು. ಕಾಯಕದ ಹೊತ್ತು ಮೀರುತ್ತಿತ್ತು. ಲಕ್ಕಮ್ಮನವರು ಬಂದು ಎಚ್ಚರಿಸಿದರು. ಈ ಕತೆ ನಿಮಗೆಲ್ಲ ಗೊತ್ತು. ಆದರೆ ಒಂದು ಮಾತು ಯೋಚಿಸಿ. ಮಾರಯ್ಯನವರು ಹಾಳುಹರಟೆಯಲ್ಲಿ ಕುಳಿತಿರಲಿಲ್ಲ, ಜೂಜಾಡುತ್ತಿರಲಿಲ್ಲ. ಶರಣರ ನಡುವೆ ಕುಳಿತು ಪರಮಾರ್ಥ ಮಾತನಾಡುತ್ತಿದ್ದರು. ಅದಕ್ಕೂ ಲಕ್ಕಮ್ಮ ರಿಯಾಯಿತಿ ಕೊಡಲಿಲ್ಲ! ಒಳ್ಳೆಯ ಕೆಲಸದ ನೆಪದಲ್ಲಿ ತನ್ನ ಕೆಲಸ ಬಿಡುವುದೂ ಕಾಯಕಲೋಪವೇ ಎಂಬುದು ಆ ತಾಯಿಯ ತೀರ್ಪು. ಸಭೆ, ಸಮಾರಂಭ, ಸನ್ಮಾನಗಳಲ್ಲಿ ದಿನ ಕಳೆಯುವ ನಮ್ಮಂಥವರು ಇದನ್ನು ಮೊದಲು ಕೇಳಿಸಿಕೊಳ್ಳಬೇಕು. ಈ ಭಾಷಣಕ್ಕೂ ಅದು ಅನ್ವಯಿಸುತ್ತದೆ. ಆದ್ದರಿಂದ ಬೇಗ ಮುಗಿಸುತ್ತೇನೆ.

ಕತೆಯ ಎರಡನೆಯ ಭಾಗ ಇನ್ನೂ ದೊಡ್ಡದು. ಎಚ್ಚೆತ್ತ ಮಾರಯ್ಯನವರು ಹೋಗಿ ದಿನಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದು ನಮಗೇಕೆ, ಇದು ಆಸೆಯಲ್ಲವೇ ಎಂದು ಅದನ್ನು ಅಲ್ಲೇ ಸುರಿದು ಬರಲು ಹೇಳಿದರು. ಇದನ್ನು ನಾವು ಸಾಮಾನ್ಯವಾಗಿ ಅಪರಿಗ್ರಹದ ಪಾಠವೆಂದು ಓದುತ್ತೇವೆ. ನಿಜ. ಆದರೆ ಇದರಲ್ಲಿ ಕೆಲಸಗಾರನಿಗೂ ಒಂದು ಪಾಠ ಇದೆ. ಇಂದು ಬಿಟ್ಟದ್ದನ್ನು ನಾಳೆ ಎರಡರಷ್ಟು ಮಾಡಿ ಸರಿದೂಗಿಸುತ್ತೇನೆ ಎಂಬ ಲೆಕ್ಕವೇ ಮುಂದೂಡುವಿಕೆಯ ಬೇರು.

ಕಾಂಕ್ರೀಟನ್ನು ನೋಡಿ. ಹಾಕಿದ ಮೇಲೆ ಕನಿಷ್ಠ 7 ದಿನ ಅದು ಒಣಗದಂತೆ ನೀರುಣಿಸಬೇಕು. 28 ದಿನಕ್ಕೆ ಬಂದ ಬಲವನ್ನು ನಾವು ಅದರ ಬಲವೆಂದು ಲೆಕ್ಕ ಹಿಡಿಯುತ್ತೇವೆ. ಆರು ದಿನ ಒಣಗಲು ಬಿಟ್ಟು ಏಳನೆಯ ದಿನ ಏಳು ಪಟ್ಟು ನೀರು ಸುರಿದರೆ ಕ್ಯೂರಿಂಗ್ ಆಗುವುದಿಲ್ಲ. ನೀರಿನ ಲೆಕ್ಕ ಸರಿಯಿರುತ್ತದೆ, ಸ್ಲ್ಯಾಬು ಬಿರುಕು ಬಿಟ್ಟಿರುತ್ತದೆ. ಮಕ್ಕಳ ಓದು, ಲಿಂಗಪೂಜೆ, ವ್ಯಾಯಾಮ, ಅಂಗಡಿಯ ಲೆಕ್ಕ, ಎಲ್ಲಕ್ಕೂ ಇದೇ ನಿಯಮ. ಸರ್ಕಾರಿ ಕಚೇರಿಗಳಲ್ಲಿ ಮಾರ್ಚ್ 31 ಹತ್ತಿರವಾದಾಗ ನಡೆಯುವ ಧಾವಂತವನ್ನು ತಾವು ಕೇಳಿದ್ದೀರಿ. ಹನ್ನೊಂದು ತಿಂಗಳ ಕೆಲಸ ಹನ್ನೆರಡನೆಯ ತಿಂಗಳಿಗೆ ಬಂದು ಬಿದ್ದರೆ ಬಿಲ್ಲು ಪಾಸಾಗಬಹುದು, ರಸ್ತೆ ನಿಲ್ಲುವುದಿಲ್ಲ.

ಇನ್ನು ಕೆರೆಯ ಏರಿ. ಏರಿ ಒಡೆಯುವುದು ಬಹಳ ಸಲ ದೊಡ್ಡ ಕಾರಣದಿಂದಲ್ಲ. ಏಡಿ ಕೊರೆದ ಬಿಲ, ಇಲಿ ತೋಡಿದ ಬಿಲ, ಕೊಳೆತ ಬೇರಿನ ಜಾಡು ಸಾಕು. ಬೇಸಿಗೆಯಲ್ಲಿ ಇಬ್ಬರು ಆಳುಗಳು ಜಂಗಲ್ ಕಡಿದು, ಬಿಲ ಅಗೆದು, ಜೇಡಿಮಣ್ಣು ತುಂಬಿ ಗುದ್ದಿದರೆ ಮುಗಿಯಿತು. ಕೆರೆ ತುಂಬಿದ ಮೇಲೆ ಅದೇ ಬಿಲದಿಂದ ನೀರು ಜಿನುಗುತ್ತದೆ. ಜಿನುಗು ಕಲಕಾಗಿ ಬಂತೆಂದರೆ ನೀರು ಏರಿಯ ಮಣ್ಣನ್ನೇ ಒಳಗಿನಿಂದ ಹೊತ್ತು ತರುತ್ತಿದೆ ಎಂದರ್ಥ. ಆಗ ಊರೇ ಮರಳಿನ ಚೀಲ ಹೊತ್ತು ನಿಂತರೂ ಉಳಿಯುವುದು ಕಷ್ಟ. ಕೆಲಸ ಅದೇ, ಕಾಲ ಜಾರಿದ ಮೇಲೆ ಅದರ ಬೆಲೆ ಬೇರೆ.

ಹಾಗಾದರೆ ತಿಳಿದೂ ಏಕೆ ಮುಂದೂಡುತ್ತೇವೆ? ಎರಡು ಕಾರಣ ಹೇಳುತ್ತೇನೆ.

ಒಂದು, ಕೆಲಸ ದೊಡ್ಡದಾಗಿ ಕಂಡು ಹೆದರುವುದು. ಮನೆ ಕಟ್ಟುವುದು ಎಂದರೆ ಎದೆ ನಡುಗುತ್ತದೆ. ಪಾಯ ಗುರುತು ಹಾಕುವುದು ಎಂದರೆ ನಾಲ್ಕು ಗೂಟ, ಒಂದು ದಾರ, ಸ್ವಲ್ಪ ಸುಣ್ಣ. ಅಂದಾಜುಪಟ್ಟಿ ಮಾಡುವಾಗ ನಾವು ಇಡೀ ಕಟ್ಟಡವನ್ನು ಒಂದೊಂದೇ ಬಾಬ್ತಾಗಿ ಬಿಡಿಸುತ್ತೇವೆ. ಹೆದರಿಕೆಯೂ ಅದರ ಜೊತೆ ಬಿಡಿಸಿಕೊಳ್ಳುತ್ತದೆ. ಗಾರೆ ಮೇಸ್ತ್ರಿಯನ್ನು ನೋಡಿ. ನೀರು ಬಿದ್ದ ಸಿಮೆಂಟು ಬಹಳ ಹೊತ್ತು ಕಾಯುವುದಿಲ್ಲವೆಂದು ಅವನು ಬಲ್ಲ. ಅದಕ್ಕೇ ಕೈಲಾದಷ್ಟೇ ಕಲಸುತ್ತಾನೆ, ಕಲಸಿದ್ದನ್ನು ಮುಗಿಸಿಯೇ ಬೀಡಿ ಹಚ್ಚುತ್ತಾನೆ. ಬೀಡಿ ಬೇಡ, ಉಳಿದದ್ದು ಕಲಿಯೋಣ.

ಎರಡನೆಯ ಕಾರಣ ನಮಗೆ ನಾಚಿಕೆಯಾಗಬೇಕಾದದ್ದು. ಮುಂದೂಡುವಿಕೆಗೆ ನಾವು ಧರ್ಮದ ಬಟ್ಟೆ ತೊಡಿಸಿದ್ದೇವೆ. ರಾಹುಕಾಲ ಒಂದೂವರೆ ಗಂಟೆ, ಯಮಗಂಡ ಒಂದೂವರೆ, ಗುಳಿಕ ಒಂದೂವರೆ. ಹಗಲಿನ 12 ಗಂಟೆಯಲ್ಲಿ ನಾಲ್ಕೂವರೆ ಹೋಯಿತು. ಅಮಾವಾಸ್ಯೆ ಹೋಯಿತು. ಆಷಾಢ ಬಂದರೆ ಒಂದು ತಿಂಗಳೇ ಹೋಯಿತು. ತಿಥಿ ವಾರ ನಕ್ಷತ್ರಗಳ ಹಂಗನ್ನು ಶರಣರು ಎಂಟುನೂರು ವರ್ಷಗಳ ಹಿಂದೆ ಕಿತ್ತೊಗೆದರು. ಅವರ ವಚನಗಳನ್ನು ಕಂಠಪಾಠ ಮಾಡಿದ ನಾವು ಕೊಳವೆಬಾವಿ ಕೊರೆಸಲೂ ಪಂಚಾಂಗ ತೆರೆಯುತ್ತೇವೆ. ಮುಹೂರ್ತ ಎಂಬುದು ಎಷ್ಟೋ ಸಲ ಪುರೋಹಿತರ ಸಹಿ ಬಿದ್ದ ನೆಪ, ಅಷ್ಟೆ.

ಏಕಾಗ್ರತೆಗೆ ನಾವು ಬೇರೆಲ್ಲೂ ಹೋಗಬೇಕಾಗಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ದೃಷ್ಟಿ ನೆಟ್ಟು ಕುಳಿತುಕೊಳ್ಳುವುದು ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸವೇ. ಆದರೆ ಬಲಗೈಯ ಪಕ್ಕದಲ್ಲಿ ಮೊಬೈಲು ಇದ್ದರೆ ಆ ದೃಷ್ಟಿ ಎಲ್ಲಿ ನಿಲ್ಲುತ್ತದೆ? ಪೂಜೆಯ ಹೊತ್ತು ಫೋನು ಬೇರೆ ಕೋಣೆಯಲ್ಲಿರಲಿ. ಪೂಜೆ ಮುಗಿದ ಕೂಡಲೇ ಅದನ್ನು ಹಿಡಿಯದೆ, ಆ ದಿನದ ಅತಿ ಕಷ್ಟದ ಕೆಲಸಕ್ಕೆ ಕುಳಿತುಕೊಳ್ಳಿ. ಮನಸ್ಸು ಹದವಾಗಿರುವ ಹೊತ್ತು ಅದು. ಒಂದು ಗಂಟೆ ಸಾಕು. ಸಂಜೆ ಎರಡು ಸಾಲು ಬರೆದಿಡಿ: ಇಂದು ಏನು ಮುಗಿಯಿತು, ನಾಳೆ ಎಲ್ಲಿಂದ ಆರಂಭ. ನಮ್ಮಲ್ಲಿ ಅಳತೆ ಪುಸ್ತಕ ಎಂದಿರುತ್ತದೆ. ಅದರಲ್ಲಿ ಮಾಡಿದ ಕೆಲಸಕ್ಕೆ ಮಾತ್ರ ಜಾಗ, ಮಾಡಬೇಕೆಂದಿದ್ದ ಕೆಲಸಕ್ಕೆ ಇಲ್ಲ.

ಕೊನೆಯದಾಗಿ, ಮನೆ ಮನೆಯಲ್ಲಿ ಕೊಳೆಯುತ್ತಿರುವ ಕೆಲವು ಕೆಲಸಗಳನ್ನು ನೆನಪಿಸುತ್ತೇನೆ. ಅಪ್ಪ ಲಿಂಗೈಕ್ಯರಾಗಿ ಹತ್ತು ವರ್ಷವಾದರೂ ಪೌತಿ ಖಾತೆಯಾಗಿಲ್ಲ. ಅಣ್ಣತಮ್ಮಂದಿರು ಮಾತು ಬಿಡುವವರೆಗೆ ಆಗುವುದೂ ಇಲ್ಲ. ಹೆಣ್ಣುಮಕ್ಕಳ ಪಾಲಿನ ಮಾತನ್ನು ಹಬ್ಬದಿಂದ ಹಬ್ಬಕ್ಕೆ ತಳ್ಳುತ್ತಿದ್ದೇವೆ. 2005ರ ತಿದ್ದುಪಡಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದಿದೆ. ಲಕ್ಕಮ್ಮನವರನ್ನು ಹೊಗಳುವ ನಾಲಿಗೆ ತಂಗಿಯ ಹೆಸರು ಬಂದಾಗ ಏಕೆ ತಡವರಿಸುತ್ತದೆ? ಒಳಪಂಗಡ ನೋಡದೆ ಸಂಬಂಧ ಮಾಡೋಣ ಎನ್ನುತ್ತೇವೆ, ಆದರೆ ಮುಂದಿನ ಮಗುವಿನ ಮದುವೆಯಲ್ಲಿ ಎನ್ನುತ್ತೇವೆ. ಸರಳ ವಿವಾಹ ಒಳ್ಳೆಯದೆನ್ನುತ್ತೇವೆ, ಪಕ್ಕದ ಮನೆಯವರು ಮೊದಲು ಮಾಡಲಿ ಎನ್ನುತ್ತೇವೆ. ಇವೆಲ್ಲ ನಮ್ಮ ಏರಿಯ ಬಿಲಗಳು. ಇನ್ನೂ ಬೇಸಿಗೆಯಿದೆ; ಮಣ್ಣು, ಗುದ್ದಲಿ ನಮ್ಮ ಕೈಯಲ್ಲೇ ಇವೆ.

ಇವುಗಳಲ್ಲಿ ನಿಮ್ಮ ಮನೆಯದು ಯಾವುದೋ ನಿಮಗೇ ಗೊತ್ತು. ಪ್ರಸಾದ ಮುಗಿಸಿ ಹೋಗುವಾಗ ಅದರ ಮೊದಲ ಗೂಟ ಇಂದೇ ಹೊಡೆಯಿರಿ. ಒಂದು ಫೋನು, ಒಂದು ಅರ್ಜಿ, ತಂಗಿಯ ಮನೆಗೆ ಒಂದು ಭೇಟಿ, ಅಷ್ಟು ಸಾಕು.