ಚುಂಚನ್‌ನಿಂದ ಲಂಡನ್ನಿಗೆ

ದಕ್ಷಿಣ ಕೊರಿಯದ ಚುಂಚನ್ ನಗರದಲ್ಲಿ 1992ರಲ್ಲಿ ಜನಿಸಿದ ಸನ್ ಹ್ಯುಂಗ್ ಮಿನ್ ಅವರು ಹದಿನಾರರ ಹರೆಯದಲ್ಲಿ ಜರ್ಮನಿಯ ಹ್ಯಾಂಬರ್ಗ್ ಕ್ಲಬ್ಬಿನ ಯುವ ವಿಭಾಗವನ್ನು ಸೇರಿದಾಗ ಅವರಿಗಿದ್ದ ನಿಜವಾದ ಬಂಡವಾಳವೆಂದರೆ, ಗಾಯದಿಂದಾಗಿ ವೃತ್ತಿಪರ ಫುಟ್‌ಬಾಲನ್ನು ಬೇಗನೆ ತೊರೆಯಬೇಕಾಗಿ ಬಂದ ತಂದೆ ಕಲಿಸಿದ ಮೂಲಪಾಠಗಳು. ಪಂದ್ಯಗಳ ಗೆಲುವಿಗಿಂತ, ಚೆಂಡನ್ನು ನೆಲಕ್ಕೆ ಬೀಳಗೊಡದೆ ಕಾಲಿನಿಂದ ಪುಟಿಸುತ್ತ ಹತೋಟಿಗೆ ತಂದುಕೊಳ್ಳುವ ಅಭ್ಯಾಸವೇ ಮೊದಲೆಂದು ನಂಬಿದ್ದ ಆ ತಂದೆಯ ಶಿಸ್ತು ಕಠೋರವಾಗಿತ್ತೆಂಬುದು ನಿಜ; ಆದರೆ ಎಡಬಲ ಎರಡೂ ಕಾಲುಗಳಿಂದ ಸಮರ್ಥವಾಗಿ ಗುರಿಯಿಡಬಲ್ಲ ಫಾರ್ವರ್ಡ್, ಅಂದರೆ ಎದುರಾಳಿಯ ಅಂಗಳಕ್ಕೆ ನುಗ್ಗಿ ಗೋಲು ಗಳಿಸುವ ಹೊಣೆ ಹೊತ್ತ ಆಟಗಾರ, ರೂಪುಗೊಂಡದ್ದು ಆ ಶಿಸ್ತಿನಲ್ಲಿಯೇ.

2010ರಲ್ಲಿ ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲಿಗಾದಲ್ಲಿ ಮೊದಲ ಗೋಲು ಗಳಿಸಿದ ಅವರು 2013ರಲ್ಲಿ ಲೆವರ್ಕುಸೆನ್‌ಗೆ, 2015ರಲ್ಲಿ ಲಂಡನ್ನಿನ ಟಾಟೆನ್‌ಹ್ಯಾಮ್‌ಗೆ ಸೇರಿದರು. ಆದರೆ ಕೊರಿಯದ ಆರೋಗ್ಯವಂತ ಯುವಕರಿಗೆ ಒಂದೂವರೆಯಿಂದ ಎರಡು ವರ್ಷಗಳ ಸೈನಿಕ ಸೇವೆ ಕಡ್ಡಾಯವಾಗಿದ್ದು, ಒಲಿಂಪಿಕ್ ಪದಕವನ್ನೋ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನೋ ಗೆದ್ದ ಕ್ರೀಡಾಪಟುಗಳಿಗೆ ಅದರಿಂದ ವಿನಾಯಿತಿ ದೊರೆಯುತ್ತದೆ. ವೃತ್ತಿಯ ಅತ್ಯುತ್ತಮ ವರ್ಷಗಳೇ ಪಣಕ್ಕಿದ್ದ ಆ ಸ್ಥಿತಿಯಲ್ಲಿ, 2018ರಲ್ಲಿ ಇಂಡೊನೇಷ್ಯದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಅವರಿದ್ದ ಕೊರಿಯ ತಂಡವು ಹೆಚ್ಚುವರಿ ಸಮಯದಲ್ಲಿ ಜಪಾನನ್ನು 2-1ರಿಂದ ಸೋಲಿಸಿತು. ಇಷ್ಟು ದೊಡ್ಡ ಭಾರವನ್ನು ಒಂದೇ ಪಂದ್ಯದ ಮೇಲೆ ಹೊರಿಸುವ ನಿಯಮ ಯುವ ಆಟಗಾರನ ಪಾಲಿಗೆ ನಿರ್ದಯವೆಂದೇ ಹೇಳಬೇಕು. ವಿನಾಯಿತಿ ದೊರೆತ ಮೇಲೂ ಉಳಿಯುವ ಮೂಲ ತರಬೇತಿಯನ್ನು ಅವರು 2020ರಲ್ಲಿ ಜೆಜು ದ್ವೀಪದಲ್ಲಿ ಮೂರು ವಾರ ಪಡೆದರು. ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನ 2021-22ರ ಋತುವಿನಲ್ಲಿ, ಒಂದೂ ಪೆನಾಲ್ಟಿಯ ನೆರವಿಲ್ಲದೆ 23 ಗೋಲುಗಳನ್ನು ಗಳಿಸಿ, ಈಜಿಪ್ಟಿನ ಮೊಹಮ್ಮದ್ ಸಲಾ ಅವರೊಂದಿಗೆ ಗೋಲು ಗಳಿಕೆಯ ಅಗ್ರಸ್ಥಾನವನ್ನು ಹಂಚಿಕೊಂಡರು. ಏಷ್ಯದ ಆಟಗಾರರೊಬ್ಬರು ಆ ಗೌರವಕ್ಕೆ ಪಾತ್ರರಾದದ್ದು ಅದೇ ಮೊದಲು.