ಸಿಪಾಯಿಯ ಗುಂಡು, ಪೌರನ ಗುಂಡು

ಪಿಸ್ತೂಲಿನ ಗುಂಡಿನ ವಿಚಾರವನ್ನು ಒಬ್ಬ ಕನ್ನಡ ಪಂಡಿತ ಎತ್ತಿಕೊಂಡಿದ್ದಾನಲ್ಲ ಎಂದು ಶ್ರೋತೃಗಳಿಗೆ ಆಶ್ಚರ್ಯವಾದೀತು. ನನ್ನನ್ನು ಇತ್ತ ಸೆಳೆದದ್ದು ಎರಡು ಹೆಸರುಗಳು. ಒಂದು ‘ಪ್ಯಾರಾಬೆಲ್ಲಮ್’, ಇನ್ನೊಂದು ‘ಡಂಡಂ’. ಶಬ್ದಗಳ ಬೆನ್ನು ಹತ್ತಿ ಹೋದವನಿಗೆ ಕೊನೆಗೆ ಎದುರಾದದ್ದು ಧರ್ಮಾಧರ್ಮದ ಪ್ರಶ್ನೆ.

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ನಾವು ರೂಢಿಯಲ್ಲಿ ಗುಂಡು ಎನ್ನುವುದು ನಿಜವಾಗಿ ತೋಟೆ. ಕೊಡಗು, ಮಲೆನಾಡುಗಳ ಜನಕ್ಕೆ ‘ತೋಟೆಕೋವಿ’ ಎಂಬ ಮಾತು ಹೊಸದಲ್ಲ. ತೋಟೆಗೆ ನಾಲ್ಕು ಅಂಗಗಳು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಬಿಗಿದು ಕೂಡಿಸಿದ ಗುಂಡು. ಮದ್ದು ಉರಿದು ಅನಿಲವಾದಾಗ ಅದರ ಒತ್ತಡಕ್ಕೆ ಗುಂಡು ನಳಿಗೆಯಿಂದ ಹಾರುತ್ತದೆ. ಕೋಶ ಹಿಂದೆ ಉಳಿಯುತ್ತದೆ.

ಇಂದು ಜಗತ್ತಿನ ಬಹುಪಾಲು ಸೇನೆಗಳ ಪಿಸ್ತೂಲಿಗೆ ಹಾಕುವ ತೋಟೆಯೊಂದೇ. ಗುಂಡಿನ ಅಡ್ಡಳತೆ 9 ಮಿಲಿಮೀಟರು, ಕೋಶದ ಉದ್ದ 19. ಗುಂಡಿನ ತೂಕ ಏಳೆಂಟು ಗ್ರಾಮು. ವೇಗ ಸೆಕೆಂಡಿಗೆ ಸುಮಾರು 350 ಮೀಟರು, ಎಂದರೆ ಶಬ್ದಕ್ಕಿಂತ ತುಸು ಹೆಚ್ಚು. ಇದನ್ನು ಸುಮಾರು 1902ರಲ್ಲಿ ರೂಪಿಸಿದವನು ಗೇಯಾರ್ಗ್ ಲೂಗರ್. ಜರ್ಮನಿಯ ನೌಕಾಪಡೆ 1904ರಲ್ಲೂ ಭೂಸೇನೆ 1908ರಲ್ಲೂ ಇದನ್ನು ಸ್ವೀಕರಿಸಿದವು. ನಮ್ಮ ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ಭಾರತದ ಪಡೆಗಳಿಗಾಗಿ ತಯಾರಾದ ಬ್ರೌನಿಂಗ್ ಮಾದರಿಯ ಪಿಸ್ತೂಲಿಗೂ ಇದೇ ತೋಟೆ. ‘ಪ್ಯಾರಾಬೆಲ್ಲಮ್’ ಎಂಬುದು ಲ್ಯಾಟಿನ್ ಭಾಷೆಯ ಎರಡು ಪದಗಳು. ‘ಯುದ್ಧಕ್ಕೆ ಸಿದ್ಧನಾಗು’ ಎಂದು ಅರ್ಥ. ಶಾಂತಿಯನ್ನು ಬಯಸುವವನಿಗೆ ಹೇಳಿದ ಬುದ್ಧಿವಾದದ ಉತ್ತರಾರ್ಧವಿದು. ತೋಟೆಗೆ ಹೆಸರಿಡುವಾಗ ಶಾಂತಿಯ ಪೂರ್ವಾರ್ಧ ಬಿಟ್ಟುಹೋಯಿತು!

ಸಿಪಾಯಿಯ ಈ ತೋಟೆಗೂ ಪೌರರ ಕೈಯ ತೋಟೆಗೂ ಭೇದವೇನು? ಕೆಲವೆಡೆ ಭೇದವಿರುವುದು ಅಳತೆಯಲ್ಲಿ. ಇಟಲಿಯಲ್ಲಿ ಇದು ಸೇನೆಯ ತೋಟೆಯೆಂದು ಪೌರರ ಪಿಸ್ತೂಲಿಗೆ ಬಹುಕಾಲ ನಿಷೇಧವಿದ್ದಿತು. ಅಂಥ ಕಡೆಗಳಿಗೆಂದೇ ಇಸ್ರೇಲಿನಲ್ಲಿ ಕೋಶವನ್ನು 21 ಮಿಲಿಮೀಟರಿಗೆ ಬೆಳೆಸಿ, ಗುಂಡನ್ನು ಅಷ್ಟೇ ಒಳಕ್ಕೆ ಇಳಿಸಿ, ಬೇರೊಂದು ತೋಟೆ ಮಾಡಿದರು. ಒಟ್ಟು ಉದ್ದ ಹೆಚ್ಚು ಕಡಮೆ ಅದೇ, ಹೊಡೆತವೂ ಅದೇ. ಎರಡು ಮಿಲಿಮೀಟರಿನಲ್ಲಿ ಕಾನೂನು ತೃಪ್ತವಾಯಿತು. 2022ರಿಂದ ಇಟಲಿಯಲ್ಲಿ ಆ ನಿಷೇಧ ಉಳಿದಿಲ್ಲ. ನಮ್ಮ ದೇಶದಲ್ಲಿ 9 ಮಿಲಿಮೀಟರಿನದು ‘ನಿಷೇಧಿತ ಬೋರ್’. ಲೈಸೆನ್ಸು ಪಡೆದ ಪೌರನಿಗೆ ಸಾಮಾನ್ಯವಾಗಿ ದೊರೆಯುವುದು .32 ಬೋರಿನ ಪಿಸ್ತೂಲು, ರಿವಾಲ್ವರುಗಳು. ಆ .32 ಪಿಸ್ತೂಲಿನ ಗುಂಡಿನ ಶಕ್ತಿ ಸಿಪಾಯಿಯದರ ಅರ್ಧಕ್ಕಿಂತಲೂ ಕಡಮೆ. ಇಲ್ಲಿನ ಅಂತರ ಹೆಸರಿನದಲ್ಲ, ನಿಜವಾದದ್ದೇ.

ಇನ್ನೊಂದು ಭೇದ ಇರುವುದು ಗುಂಡಿನ ತುದಿಯಲ್ಲಿ. ಇಲ್ಲಿಯೇ ಡಂಡಂ ಬರುವುದು. ಅದು ಕೋಲ್ಕತ್ತದ ಬಳಿಯ ಊರು. 1890ರ ದಶಕದಲ್ಲಿ ಅಲ್ಲಿನ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ರೈಫಲಿನ ಗುಂಡಿಗೆ ಹೊಸ ರೂಪ ಕೊಟ್ಟರು. ವಾಯವ್ಯ ಗಡಿಯ ಕದನಗಳಲ್ಲಿ .303 ಗುಂಡು ಮೈಯನ್ನು ತೂರಿ ಆಚೆ ಹೋದರೂ ಎದುರಾಳಿ ನಿಲ್ಲುವುದಿಲ್ಲವೆಂಬುದು ಬ್ರಿಟಿಷರ ದೂರು. ಅದಕ್ಕಾಗಿ ತುದಿಯಲ್ಲಿ ಲೋಹದ ಕವಚವನ್ನು ಬಿಟ್ಟು ಸೀಸವನ್ನು ತೆರೆದರು. ಅಂಥ ಗುಂಡು ಮೈಹೊಕ್ಕ ಮೇಲೆ ಅಣಬೆಯಂತೆ ಅರಳಿ ಗಾಯವನ್ನು ಹಿಗ್ಗಿಸುತ್ತದೆ. 1899ರಲ್ಲಿ ಹೇಗ್ ನಗರದ ಸಮ್ಮೇಳನ ಇಂಥ ಗುಂಡುಗಳು ಯುದ್ಧದಲ್ಲಿ ಕೂಡದೆಂದು ಘೋಷಿಸಿತು. ಆಗ ವಿರೋಧಿಸಿದ ಬ್ರಿಟನ್ನೇ 1907ರಲ್ಲಿ ಒಪ್ಪಿಕೊಂಡಿತು. ಸೇನೆಗಳ ಪಿಸ್ತೂಲಿನ ಗುಂಡಿಗೂ ಇದೇ ಕಟ್ಟು. ತುದಿಯವರೆಗೆ ಇಡಿಯ ಕವಚವಿರಬೇಕು.

ನಮ್ಮವರಿಗೆ ಇದು ಹೊಸ ವಿವೇಕವಲ್ಲ. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ರಾಜನಿಗೆ ಬೇಡವೆಂದ ಆಯುಧಗಳ ಪಟ್ಟಿಯೇ ಇದೆ: ವಿಷ ಸವರಿದ್ದು, ಬೆಂಕಿ ಹಚ್ಚಿದ್ದು, ಮುಳ್ಳುಗಿವಿಯ ‘ಕರ್ಣಿ’ ಎಂಬ ಬಾಣ. ಕರ್ಣಿಯನ್ನು ಕಿತ್ತರೆ ಮಾಂಸವೂ ಹರಿದು ಬರುತ್ತದೆ. ಡಂಡಂ ಗುಂಡು ಆ ಕರ್ಣಿಯ ಮೊಮ್ಮಗ.

ಆದರೆ ವಿಚಿತ್ರ ನೋಡಿ. ಯುದ್ಧದಲ್ಲಿ ನಿಷಿದ್ಧವಾದ ಅರಳುವ ಗುಂಡೇ ಅಮೆರಿಕದಲ್ಲಿ ಪೊಲೀಸರ, ಗೃಹಸ್ಥರ ಪಿಸ್ತೂಲಿನಲ್ಲಿ ಸಾಮಾನ್ಯ. ಅದೇ 9 ಮಿಲಿಮೀಟರು. ತುದಿ ಮಾತ್ರ ಟೊಳ್ಳು. ಅವರ ಸಮರ್ಥನೆಯಲ್ಲೂ ಹುರುಳಿದೆ. ಇಡಿಯ ಕವಚದ ಗುಂಡು ಒಬ್ಬನನ್ನು ತೂರಿ ಹಿಂದಿರುವ ನಿರಪರಾಧಿಗೂ ತಗಲಬಹುದು. ಅರಳಿದ ಗುಂಡು ಮೊದಲ ಮೈಯಲ್ಲಿಯೇ ನಿಲ್ಲುವ ಸಂಭವ ಹೆಚ್ಚು. ಜನ ನೆರೆದ ಬೀದಿಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಆ ಬೇಲಿ ಈಗ ಸಡಿಲವಾಗುತ್ತಿದೆ. ಹೇಗ್ ಘೋಷಣೆಗೆ ಎಂದೂ ಸಹಿ ಹಾಕದ ಅಮೆರಿಕ, 2017ರಲ್ಲಿ ಸೇನೆಗೆ ಆರಿಸಿಕೊಂಡ ಹೊಸ ಪಿಸ್ತೂಲಿನೊಡನೆ ಟೊಳ್ಳುತುದಿಯ ತೋಟೆಯನ್ನೂ ಸೇರಿಸಿಕೊಂಡಿತು.

ಬೀದಿಯ ನ್ಯಾಯವನ್ನು ರಣರಂಗಕ್ಕೆ ಒಯ್ಯುವುದು ಸರಿಯಲ್ಲವೆಂದೇ ನನ್ನೆಣಿಕೆ. ಬೀದಿಯಲ್ಲಿ ದಾರಿಹೋಕನನ್ನು ಉಳಿಸಲು ಹುಡುಕಿದ ಉಪಾಯ ರಣದಲ್ಲಿ ಗಾಯಾಳುವಿನ ಯಾತನೆಯನ್ನು ಹೆಚ್ಚಿಸುತ್ತದೆ, ಅಷ್ಟೆ. ಗಾಯಗೊಂಡು ಬಿದ್ದ ಸಿಪಾಯಿ ಶತ್ರುವಾಗಿ ಉಳಿಯುವುದಿಲ್ಲ. ವೈದ್ಯನ ಕೈಗೆ ಸೇರಬೇಕಾದ ಮನುಷ್ಯನಾಗುತ್ತಾನೆ. ಹೊಡೆಯುವಾಗಲೂ ಅವನ ನಾಳೆಯನ್ನು ನೆನೆದವರು ಬಾಣದ ಕಾಲದಲ್ಲಿದ್ದರು, 1899ರಲ್ಲೂ ಇದ್ದರು. ತೋಟೆಗೆ ಹೆಸರಿಡುವಾಗ ಬಿಟ್ಟುಹೋದ ಪೂರ್ವಾರ್ಧವನ್ನು ಅವರು ಗುಂಡಿನ ತುದಿಯಲ್ಲಾದರೂ ಉಳಿಸಿದರು. ಅದನ್ನು ಅಳಿಸದೆ ಕಾಯುವ ಹೊಣೆ ಇಂದಿನವರದು.